ಅರ್ಧ ಮಾತ್ರೆಯ ನಿದ್ದೆ

ನವೆಂಬರ್ 3, ಸೋಮವಾರ. ರಾತ್ರಿ 2.40

ಬೈಂದೂರಿನಿಂದ ಬ್ರಹ್ಮಾವರದವರೆಗೆ ನನ್ನಷ್ಟು ಚೆನ್ನಾಗಿ ನಿದ್ದೆ ಮಾಡುವ ಗಂಡಸು ಇನ್ನೊಬ್ಬನಿಲ್ಲ. ತಲೆ ದಿಂಬಿಗೆ ತಾಗುವ ಮೊದಲೇ ಗೊರಕೆ. ಮುಂಬೈಯಲ್ಲಿ ಮೂರು ಹೋಟೆಲು ನಡೆಸುತ್ತಿದ್ದಾಗ ಲೋಕಲ್ ಟ್ರೈನಿಗೆ ಇಡೀ ಕಟ್ಟಡ ಅಲ್ಲಾಡುತ್ತಿತ್ತು, ಈ ತೆಕ್ಕಟ್ಟೆ ಮಂಜಯ್ಯ ಶೆಟ್ಟಿ ಮಗ್ಗುಲು ಬದಲಿಸಿದವನಲ್ಲ.

ಇದನ್ನು ಅಡುಗೆಮನೆಯ ಲೈಟು ಹಾಕಿಕೊಂಡು ಬರೆಯುತ್ತಿದ್ದೇನೆ. ನೀರು ಕುಡಿದಾಯಿತು. ಬಾಗಿಲ ಚಿಲಕ ನೋಡಿದ್ದಾಯಿತು. ಪುನಃ ನೀರು. ಫೋನು ನೋಡಬಾರದು ಅಂತ ಕಪಾಟಿನ ಮೇಲೆ ಇಟ್ಟೆ. ಇಳಿಸಿ ನೋಡಿದೆ. ಏನೂ ಇಲ್ಲ. ಪುನಃ ಮೇಲೆ ಇಟ್ಟೆ.

ರಾಜೀವಿ ಎದ್ದು ಬಂದಳು.

"ಹ್ವಾಯ್, ಎಂತ ಮಾಡ್ತಿದ್ರಿ ಈ ಹೊತ್ತಿಗೆ?"

"ಲೆಕ್ಕ ಬರೀತಿದ್ದೆ."

"ಯಾರ್ ಲೆಕ್ಕ? ಹೆಗ್ಗಣದ್ದಾ?"

ನಲವತ್ತು ವರ್ಷ ನನ್ನ ಜೊತೆ ಇದ್ದು ಇವಳ ಬಾಯಿ ಹೀಗಾಯಿತು. ಬುಧವಾರ ಡಾಕ್ಟರ ಹತ್ತಿರ ಹೋಗುವುದು ಅಂತ ತೀರ್ಮಾನ. ತೀರ್ಮಾನ ಅವಳದ್ದು.


ನವೆಂಬರ್ 5, ಬುಧವಾರ. ಸಂಜೆ

ಕುಂದಾಪುರದ ಡಾಕ್ಟರು ವಿಜೇತಾ ಅಂತ. ಸಣ್ಣ ಪ್ರಾಯ. ನನ್ನ ಸೊಸೆಯಷ್ಟು. ಮಂಡೆ ಡಾಕ್ಟರು ಅಂತ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದು ಒಳ್ಳೆಯದಾಯಿತು, ಎದುರಿನ ಅಂಗಡಿಯವನಿಗೆ ಬಿಪಿ ಅಂದೆ.

"ಎಷ್ಟ್ ಗಂಟೆ ನಿದ್ರಿ ಬತ್ತ್ ಶೆಟ್ರೆ?"

"ಎಂಟ್ ಗಂಟೆ."

"ಮತ್ ಇಲ್ಲಿಗ್ ಎಂತಕ್ ಬಂದ್ರಿ?"

ರಾಜೀವಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಮತ್ತೆ ಅವಳೇ ಎಲ್ಲ ಹೇಳಿದಳು. ದೀಪಾವಳಿಯಿಂದ ಹೀಗೆ, ಎದೆ ಡಬಡಬ, ಕೈ ನಡುಕ, ಊಟ ಅರ್ಧಕ್ಕೆ ಬಿಡುತ್ತಾರೆ. ಗೊರಕೆ ಹೊಡೆಯುವಾಗ ಉಸಿರು ಕಟ್ಟುವುದುಂಟಾ ಅಂತ ಕೇಳಿದರು ಡಾಕ್ಟರು. ಇಲ್ಲ ಅಂದಳು. ಕುಡೀತ್ರಾ ಅಂತ ನನ್ನನ್ನು ಕೇಳಿದರು.

"ಹಬ್ಬಕ್ಕೊಂದ್."

"ವರ್ಷಕ್ ಹಬ್ಬ ಎಷ್ಟ್ ನಿಮ್ಗೆ?"

ಇವರು ಕೋರ್ಟಿನಲ್ಲಿ ಇರಬೇಕಾದವರು.

ಟೆನ್ಷನ್ ಏನಾದರೂ ಇದೆಯಾ ಅಂದರು. ಶೇರಿನಲ್ಲಿ ಒಂದು ಹತ್ತು ಸಾವಿರ ಹೋಯಿತು, ನನ್ನಂಥವನಿಗೆ ಅದು ಬಸ್ಸಿನ ಚಾರ್ಜು ಅಂದೆ. ಡಾಕ್ಟರು ನನ್ನ ಮುಖ ನೋಡಿದರು. ಬರೆದುಕೊಂಡರು. ಎಷ್ಟು ಬರೆದುಕೊಂಡರೋ.

ಸಣ್ಣ ಬಿಳಿ ಮಾತ್ರೆ. ಮಲಗುವಾಗ ಒಂದು. ಎರಡು ವಾರಕ್ಕೆ ಮಾತ್ರ. ನಿದ್ದೆ ಬರಲಿಲ್ಲ ಅಂತ ಇನ್ನೊಂದು ನುಂಗಬಾರದು. ಹಗಲು ಬೇಡ. ಬೇರೆಯವರಿಗೆ ಕೊಡಬಾರದು. ಶೀತಕ್ಕೆ ಸಿರಪ್ಪು ತೆಗೆದುಕೊಳ್ಳುವುದಾದರೂ ಕೇಳಿ ತೆಗೆದುಕೊಳ್ಳಬೇಕು. ತಲೆ ಭಾರ ಇಳಿಯುವವರೆಗೆ ಸ್ಕೂಟರ್ ಇಲ್ಲ. ಕುಡಿತ ಅಂತೂ ಇಲ್ಲವೇ ಇಲ್ಲ. "ಎರಡೂ ಒಟ್ಟಿಗೆ ಹೋದ್ರೆ ಉಸಿರಿಗೇ ತೊಂದ್ರೆ ಆತ್ತ್. ಎಂತ ಮಾಡ್ದೆ, ಎಂತ ಮಾತಾಡ್ದೆ ಅಂದ್ಹೇಳಿ ಮರ್ದಿನಕ್ಕೆ ನೆನಪೂ ಇರ್ತಿಲ್ಲ" ಅಂದರು. ನನ್ನ ನೆನಪಿನ ಶಕ್ತಿ ಅವರಿಗೆ ಗೊತ್ತಿಲ್ಲ. ಏಳನೇ ಕ್ಲಾಸಿನ ಹಾಜರಿ ಪಟ್ಟಿ ಈಗಲೂ ಬಾಯಿಪಾಠ.


ನವೆಂಬರ್ 6. ಬೆಳಿಗ್ಗೆ

ಬಂತು. ನಿದ್ದೆ. ಬಾವಿಗೆ ಕೊಡಪಾನ ಬಿಟ್ಟ ಹಾಗೆ ಇಳಿದು ಹೋದೆ. ಎದ್ದಾಗ ತಲೆಯೊಳಗೆ ಹತ್ತಿ. ಸ್ಕೂಟರ್ ತೆಗೆಯೋಣ ಅಂದರೆ ಕೀಲಿಯನ್ನು ರಾಜೀವಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾಳೆ.

ಹತ್ತು ಸಾವಿರ ಅಂದೆ ನಿನ್ನೆ. ಹತ್ತು ಸಾವಿರ ಅಲ್ಲ. ಎಷ್ಟು ಅಂತ ಇಲ್ಲಿಯೂ ಬರೆಯುವುದಿಲ್ಲ. ರಾಜೀವಿಗೆ ಓದಲು ಬರುತ್ತದೆ.

ಆದರೆ ಯಾರದ್ದು ಅನ್ನುವುದು ನನ್ನ ಎದೆಯ ಮೇಲೆ ಕೂತಿದೆ... ತಂಗಿ ಸುಗುಣಳದು. ಭಾವ ತೀರಿಕೊಂಡ ಮೇಲೆ ಪುಣೆಯ ಕ್ಯಾಂಟೀನಿನಲ್ಲಿ ಅವರ ಪಾಲು ಅಂತ ಬಂದದ್ದು. ಮಗಳು ಅನಿಷಾಳ ಮದುವೆಗೆ ಅಂತ ಹೆಮ್ಮಾಡಿಯಿಂದ ಬಂದು ನನ್ನ ಕೈಗೆ ಕೊಟ್ಟಳು. ಅಣ್ಣ ಬೊಂಬಾಯಿ ಕಂಡವ, ಅಣ್ಣನ ಹತ್ತಿರ ಇದ್ದರೆ ಬೆಳೆಯುತ್ತದೆ ಅಂತ. ನಾನೇ ಹಾಗೆ ಹೇಳಿ ಹೇಳಿ ನಂಬಿಸಿದ್ದು. ನಮ್ಮಲ್ಲಿ ಅಕ್ಕತಂಗಿಯರ ಮಕ್ಕಳಿಗೆ ಸೋದರಮಾವನೇ ಯಜಮಾನ. ಮದುವೆಯ ಮಾತಿಗೆ ಅವನೇ ವೀಳ್ಯ ಹಿಡಿಯಬೇಕು.

ವಾಟ್ಸಾಪಿನಲ್ಲಿ ಒಂದು ಗ್ರೂಪು. ಟೈ ಕಟ್ಟಿದ ಸಾಹೇಬ. ದಿನಾ ಲಾಭ ತೋರಿಸುವ ಆ್ಯಪು. ಮೊದಲು ನನ್ನದು ಸ್ವಲ್ಪ ಹಾಕಿದೆ. ಆಮೇಲೆ ಅವಳದ್ದು. ದೀಪಾವಳಿಯ ಮರುದಿನ ಗ್ರೂಪೂ ಇಲ್ಲ, ಸಾಹೇಬನೂ ಇಲ್ಲ.

ಈ ತಿಂಗಳು ಇಪ್ಪತ್ತಮೂರಕ್ಕೆ ಅನಿಷಾಳ ನಿಶ್ಚಿತಾರ್ಥ.


ನವೆಂಬರ್ 10

ಹೈವೇ ಬದಿಯ ಪದ್ದುವಿನ ಚಾ ಅಂಗಡಿ. ಪದ್ದು ನನ್ನ ಜೊತೆ ಶಾಲೆಗೆ ಬಂದವನು, ಹೋದವನು.

"ಮಂಜಯ್ಯ, ನಂಗೂ ನಿದ್ರಿ ಬತ್ತಿಲ್ಲ ಮಾರಾಯ. ಒಂದ್ ಮಾತ್ರಿ ಕೊಡ್ ಕಾಂಬ."

"ಕೊಡುಕಾಗ. ಡಾಕ್ಟ್ರ್ ಹಂಚುಕಾಗ ಅಂದಿರ್."

"ಎಲಿ ಅಡ್ಕಿ ಕೊಡ್ತೆ, ಬೀಡಿ ಕೊಡ್ತೆ, ಇದೆಂತ ದೊಡ್ಡದ್?"

ಕೊಡಲಿಲ್ಲ. ಡಾಕ್ಟರ ಮಾತಿಗೆ ಬೆಲೆ ಕೊಟ್ಟೆ ಅಂತ ಬರೆದರೆ ಚೆಂದ. ನಿಜವೆಂದರೆ ಒಂದು ಕಡಿಮೆಯಾದರೆ ನನಗೆ ಒಂದು ರಾತ್ರಿ ಕಡಿಮೆ ಅಂತ ಹೆದರಿಕೆ. ದಿನಾ ಸಂಜೆ ಸ್ಟ್ರಿಪ್ ತೆಗೆದು ನೋಡುವುದು ಅಭ್ಯಾಸವಾಗಿದೆ. ಸೂರ್ಯ ಮುಳುಗುವುದನ್ನು ಕಾಯುತ್ತೇನೆ. ಈ ಪ್ರಾಯದಲ್ಲಿ.


ನವೆಂಬರ್ 19

ಡಾಕ್ಟರು. "ಇವತ್ತಿಂದ ಅರ್ಧ. ಒಂದ್ ವಾರ ಬಿಟ್ಟ್ ಅದೂ ಕಮ್ಮಿ ಮಾಡುವ."

"ನಿದ್ರಿ ಲಾಯ್ಕ್ ಬತ್ತಿತ್ತಲೆ, ಕಮ್ಮಿ ಎಂತಕೆ?"

"ಬತ್ತಿತ್ತಲೆ, ಅದ್ಕೇ."

ಎದೆ ಡಬಡಬ ಕಡಿಮೆಯಾಯಿತಾ ಅಂತ ಕೇಳಿದರು. ಪೂರ್ತಿ ಗುಣ ಅಂದೆ. ಹತ್ತು ಸಾವಿರದ ಬಿಸಿ ಆರಿತಾ ಅಂದರು. ನಕ್ಕೆ. ಅವರು ನಗಲಿಲ್ಲ. "ಮಾತ್ರಿ ನಿಮ್ಮನ್ನ್ ಮಲಗ್ಸತ್ತ್ ಶೆಟ್ರೆ. ಏಳುವತಿಗೆ ವಿಷಯ ಅಲ್ಲೇ ಇರತ್ತ್. ಅದನ್ನ್ ಯಾರಿಗಾರೂ ಹೇಳಿ."

ಯಾರಿಗೆ. ಯಾವಾಗ. ನಾಲ್ಕು ದಿನ ಬಿಟ್ಟು ನಿಶ್ಚಿತಾರ್ಥ.

ಅರ್ಧ ಮಾಡಲು ಹೋದರೆ ಪುಡಿಯಾಗುತ್ತದೆ. ರಾಜೀವಿ ಅಡಿಕೆ ಕತ್ತರಿ ತಂದು ಒಂದೇ ಏಟಿಗೆ ಸರಿ ಎರಡು ಮಾಡಿದಳು.


ನವೆಂಬರ್ 22, ಶನಿವಾರ

ಅರ್ಧಕ್ಕೆ ಕಣ್ಣು ಮುಚ್ಚುತ್ತದೆ, ಮಂಡೆ ಮುಚ್ಚುವುದಿಲ್ಲ. ಪ್ರವೀಣನ ಮೆಡಿಕಲ್‌ಗೆ ಹೋಗಿ ಹಳೆ ಚೀಟಿ ಚಾಚಿದೆ. "ಇದ್ರಂಗೆ ಕೊಟ್ಟಾಯ್ತಲೆ ಶೆಟ್ರೆ. ಹೊಸ ಚೀಟಿ ಬೇಕ್" ಅಂದ. ಅವನ ಅಪ್ಪನನ್ನು ಮುಂಬೈಗೆ ಕರೆದುಕೊಂಡು ಹೋದದ್ದೇ ನಾನು ಅಂದೆ. "ಅಪ್ಪ ಊರ್ ಬಿಟ್ಟ್ ಹೋಯ್ಲೇ ಇಲ್ಲ ಶೆಟ್ರೆ" ಅಂದ.

ಸುಗುಣ ಫೋನು ಮಾಡಿದಳು. "ಅಣ್ಣ, ನಾಳೆ ಎಂಟ್ ಗಂಟಿಗೇ ಬಾ. ನೀ ಇಲ್ದೆ ವೀಳ್ಯದ್ ತಟ್ಟಿ ಯಾರ್ ಹಿಡಿತ್ರ್?" ದನಿಯಲ್ಲಿ ಎಷ್ಟು ಖುಷಿ. ಊಟ ಮಾಡಲಿಲ್ಲ ನಾನು.


ನವೆಂಬರ್ 23, ಭಾನುವಾರ. ಬೆಳಿಗ್ಗೆ 6.30

ಕೈ ನಡುಗುತ್ತಿದೆ. ಷರ್ಟಿನ ಗುಂಡಿ ರಾಜೀವಿ ಹಾಕಿಕೊಟ್ಟಳು. ಈ ಕೈಯಲ್ಲಿ ವೀಳ್ಯದ ತಟ್ಟೆ ಹಿಡಿದರೆ ಎಲೆಯೆಲ್ಲ ಗಂಡಿನವರ ಮಡಿಲಿಗೆ.

ಒಂದು ಇಡೀ ಮಾತ್ರೆ ಜೇಬಿನಲ್ಲಿದೆ. ಹಗಲು ತೆಗೆದುಕೊಳ್ಳಬೇಡಿ ಅಂದಿದ್ದಾರೆ ಡಾಕ್ಟರು. ಆದರೆ ಈ ಹಗಲಿನ ವಿಷಯ ಅವರಿಗೆ ಗೊತ್ತಿಲ್ಲ. ಇವತ್ತೊಂದು ದಿನ.


ನವೆಂಬರ್ 24, ಸೋಮವಾರ. ಮಧ್ಯಾಹ್ನ

ನಿನ್ನೆಯ ದಿನ ನನ್ನ ಹತ್ತಿರ ಪೂರ್ತಿ ಇಲ್ಲ.

ಬ್ರಹ್ಮಾವರದ ಮದುವೆ ಹಾಲಿಗೆ ಹೋದದ್ದು ನೆನಪಿದೆ. ಇಡ್ಲಿ, ಶೀರಾ. ಮಾತ್ರೆ ನುಂಗಿದ್ದು ಕೈತೊಳೆಯುವಲ್ಲಿ. ಗಂಡು ಅಜಿತ್ ಕಾಲಿಗೆ ಬಿದ್ದ, ಒಳ್ಳೆ ಹುಡುಗ, ಪುಣೆಯಲ್ಲಿ ಹೋಟೆಲು. ಅವನ ಚಿಕ್ಕಪ್ಪ ನನ್ನನ್ನು ಕಾರಿನ ಹಿಂದೆ ಕರೆದದ್ದು. ಡಿಕ್ಕಿ ತೆರೆದದ್ದು. ಸ್ಟೀಲ್ ಲೋಟ. "ಮುಂಬೈಯವ್ರ್ ನಾವ್, ಒಂದ್ ಹನಿ." ಬೇಡ ಅಂದೆನಾ? ಅಂದ ಹಾಗೆ ಇಲ್ಲ. ಅಲ್ಲಿಗೆ ಮುಗಿಯಿತು. ಆಮೇಲೆ ಇವತ್ತು ಬೆಳಿಗ್ಗೆ ನನ್ನ ಮಂಚ.

ಬೆಳಿಗ್ಗೆಯಿಂದ ಫೋನು. ಪದ್ದು: "ಭಾರಿ ಮಾತಾಡ್ದೆ ಅಂತೆ ಮಾರಾಯ." ಏನು ಮಾತು ಅಂತ ಕೇಳಲು ಮರ್ಯಾದೆ ಬಿಡಲಿಲ್ಲ. ಹೌದೌದು ಅಂದೆ.

ರಾಜೀವಿಯನ್ನು ಕೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

"ನಿಜವಾಗಿ ನೆನಪಿಲ್ಯಾ ನಿಮ್ಗೆ?"

"ಇಲ್ಲ."

"ವೀಳ್ಯದ್ ತಟ್ಟಿ ಹಿಡ್ಕಂಡ್, ಅಷ್ಟೂ ಜನರ ಎದುರಿಗೆ ಹೇಳ್ದ್ರಿ. ಮದ್ವಿ ಖರ್ಚ್ ಪೂರಾ ಸೋದರಮಾವಂದ್. ಸುಗುಣನ್ ದುಡ್ಡ್ ನನ್ನ ಹತ್ರ ಡಬಲ್ ಆಯಿ ಕೂತಿತ್ತ್. ಸಾವಿರ ಜನಕ್ ಊಟ ಹಾಕ್ಕ್, ದೊಡ್ಡ ಎಸಿ ಹಾಲೇ ಬೇಕ್ ಅಂದ್ಹೇಳಿ. ಸುಗುಣ ಕಣ್ಣೀರ್ ಹಾಕ್ತ್."

ಗಂಡಿನ ಕಡೆಯವರು ನಿನ್ನೆಯೇ ಎಸಿ ಹಾಲಿಗೆ ಮಾತಾಡಿದ್ದಾರಂತೆ. ವೀಳ್ಯ ಹಿಡಿದು ಆಡಿದ ಮಾತಿಗೆ ಆಮೇಲೆ ರಶೀದಿ ಕೇಳುವ ಕ್ರಮ ನಮ್ಮಲ್ಲಿಲ್ಲ.

ಕೈ ಮಾತ್ರ ನಡುಗಲಿಲ್ಲವಂತೆ. ಒಂದು ಎಲೆ ಬೀಳಲಿಲ್ಲ.


ನವೆಂಬರ್ 25

ಅನಿಷಾ ಬಂದಳು. ಬೈಂದೂರಿನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ, ಹೆಮ್ಮಾಡಿಯಲ್ಲಿ ಮನೆಗೆ ಇಳಿಯದೆ ನೇರ ಇಲ್ಲಿಗೆ. ಫೋನಿನಲ್ಲಿ ವಿಡಿಯೋ ಹಾಕಿ ನನ್ನ ಕೈಗೆ ಕೊಟ್ಟಳು.

ನಾನೇ. ನನ್ನ ಷರ್ಟು. ನನ್ನ ಮೀಸೆ. ಆದರೆ ಕಣ್ಣು ಯಾರದ್ದೋ. ಎಷ್ಟು ಸಲೀಸಾಗಿ ಮಾತಾಡುತ್ತಿದ್ದಾನೆ ಆ ಮನುಷ್ಯ. ಸುಳ್ಳು ಹೇಳುವಾಗ ನಾನು ಮೀಸೆ ತಿರುವುತ್ತೇನೆ, ಅದು ಮನೆಯವರಿಗೆಲ್ಲ ಗೊತ್ತು. ಅವನು ತಿರುವಲೂ ಇಲ್ಲ. ಪೂರ್ತಿ ನಂಬಿ ಹೇಳುತ್ತಿದ್ದಾನೆ.

"ಮಾವ, ನೀವ್ ಕುಡ್ದದ್ ನಾ ಸುಮಾರ್ ಸಲ ಕಂಡಿದೆ. ಇದ್ ಬರೀ ಕುಡ್ದದ್ದಲ್ಲ. ಎಂತ ತಕಂಡಿದ್ರಿ?"

"ಬಿಪಿ ಮಾತ್ರಿ."

"ಅಮ್ಮನ್ ದುಡ್ಡ್ ಎಲ್ಲ್ ಇಟ್ಟಿದ್ರಿ?"

"ಎಫ್‌ಡಿ."

"ಯಾವ್ ಬ್ಯಾಂಕ್?"

"ಬೊಂಬಾಯಿದ್. ನಿಂಗ್ ಗೊತ್ತಾತಿಲ್ಲ."

ಮೀಸೆಗೆ ಕೈ ಹೋಯಿತು. ಅವಳು ನೋಡಿದಳು. ಚಪ್ಪಲಿ ಹಾಕಿಕೊಳ್ಳುತ್ತಾ, "ನಮ್ಮ ಬ್ರಾಂಚಿಗೆ ಅಂಥವ್ರ್ ಬತ್ತಾ ಇರ್ತ್ರ್ ಮಾವ. ಫೋನಂಗೆ ಲಾಭ ತೋರ್ಸಿ ದುಡ್ಡ್ ಹೊಡ್ದ್ ಹಾಕದ್. ಹೋದ್ ಕೂಡ್ಲೇ 1930ಕ್ಕೆ, ಸೈಬರ್ ಪೊಲೀಸ್ರಿಗೆ, ಫೋನ್ ಮಾಡ್ದವ್ರಿಗೆ ಒಂದೊಂದ್ ಸಲ ಸ್ವಲ್ಪ ಆರೂ ತಡೆಯುಕಾತ್ತ್. ನಾಚ್ಕಿ ಮಾಡ್ಕಂಡ್ ಕೂತವ್ರಿಗೆ ಎಂತದೂ ಸಿಕ್ಕುದಿಲ್ಲ" ಅಂದಳು.

ನಾನು ಕೂತು ಒಂದು ತಿಂಗಳು ದಾಟಿತು.

ಅವಳು ಹೋದ ಮೇಲೆ ಉಳಿದ ಮಾತ್ರೆಯನ್ನೆಲ್ಲ ದನದ ಹಟ್ಟಿಯ ಹಿಂದಿನ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆ. ನನ್ನ ಬಾಯಲ್ಲಿ ಇನ್ನೊಬ್ಬ ಮಾತಾಡುವುದು ಬೇಡ. ಮಂಜಯ್ಯ ಶೆಟ್ಟಿ ಮನಸ್ಸು ಮಾಡಿದರೆ ಒಂದೇ ದಿನಕ್ಕೆ ಬಿಟ್ಟು ಬಿಡಬಲ್ಲ.


ನವೆಂಬರ್ 29

ಬಿಡಲು ಆಗುವುದಿಲ್ಲ.

ನಾಲ್ಕು ರಾತ್ರಿ ಕಣ್ಣೇ ಕೂಡಲಿಲ್ಲ. ಬೆವರು. ತಟ್ಟೆ ಬಿದ್ದ ಸದ್ದಿಗೆ ಹೌಹಾರಿದೆ. ಗೋಡೆ ಗಡಿಯಾರ ತೆಗೆದು ಕೊಟ್ಟಿಗೆಯಲ್ಲಿ ಇಟ್ಟೆ, ಅಲ್ಲಿಂದಲೂ ಕೇಳುತ್ತದೆ. ನಿನ್ನೆ ಗುಂಡಿ ಕೆದಕಲು ಹೋದೆ. ಹಾರೆ ಹಿಡಿದುಕೊಂಡು. ರಾಜೀವಿ ಹಿಂದೆ ಬಂದು ನಿಂತಿದ್ದಳು.

"ಎಂತ ಹುಡುಕುದ್?"

ಹೇಳಿದೆ. ನಿಶ್ಚಿತಾರ್ಥದ ಬೆಳಿಗ್ಗೆಯ ಮಾತ್ರೆ, ಕಾರಿನ ಡಿಕ್ಕಿ, ಗುಂಡಿ. ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹಾರೆ ತೆಗೆದುಕೊಂಡು ಒಳಗೆ ಹೋದಳು.


ಡಿಸೆಂಬರ್ 1

ಡಾಕ್ಟರು. ಈ ಸಲ ಎಂಟು ಗಂಟೆ ನಿದ್ದೆ ಅನ್ನಲಿಲ್ಲ.

ಎಲ್ಲ ಕೇಳಿದರು. "ಶೆಟ್ರೆ, ಆ ದಿನ ನೀವ್ ಮಲಗಿದ್ಮೇಲೆ ಎಚ್ಚರ ಆದದ್ದೇ ದೊಡ್ಡದ್" ಅಂದರು. ಮೆಲ್ಲಗೆ ಅಂದರು. ಆಗ ನನಗೆ ಹೆದರಿಕೆಯಾಯಿತು. ಅಷ್ಟರವರೆಗೆ ಮರ್ಯಾದೆಯ ಹೆದರಿಕೆ ಮಾತ್ರ ಇತ್ತು.

ಹೇಳದೆ ಕೇಳದೆ ನಿಲ್ಲಿಸಿದ್ದೂ ತಪ್ಪಂತೆ. ಮೆಟ್ಟಿಲು ಹತ್ತಿದವನು ಮೆಟ್ಟಿಲಲ್ಲೇ ಇಳಿಯಬೇಕು, ಹಾರಬಾರದು ಅಂದರು. ಪುನಃ ಅರ್ಧ, ಆಮೇಲೆ ಕಾಲು, ಆಮೇಲೆ ಒಂದು ದಿನ ಬಿಟ್ಟು ಒಂದು ದಿನ, ಆಮೇಲೆ ಇಲ್ಲ. ಸ್ಟ್ರಿಪ್ ರಾಜೀವಿಯ ಕೈಯಲ್ಲಿ. ಮಧ್ಯಾಹ್ನದ ನಿದ್ದೆ ಬಂದ್. ಸಂಜೆ ಪದ್ದುವಿನ ಚಾ ಬಂದ್. ಹಾಸಿಗೆಗೆ ಫೋನು ಬಂದ್. ನಿದ್ದೆ ಬಾರದಿದ್ದರೆ ಹೊರಳಾಡದೆ ಎದ್ದು ಕೂರಬೇಕು, ಬಂದಾಗ ಮಲಗಬೇಕು. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಒಂದೇ.

"ಹೋದ್ ದುಡ್ಡ್ ಹತ್ತ್ ಸಾವ್ರ ಅಲ್ಲ, ಅಲ್ದಾ?"

ರಾಜೀವಿ ಪಕ್ಕದಲ್ಲಿ ಕೂತಿದ್ದಾಳೆ. "ನಲವತ್ತ್" ಅಂದೆ.

ರಾಜೀವಿ ಉಸಿರು ಬಿಟ್ಟಳು. ನಲವತ್ತು ಸುಳ್ಳಲ್ಲ. ನಾನು ಮೊದಲು ಹಾಕಿದ ನನ್ನ ಸ್ವಂತದ್ದು ಅಷ್ಟೇ. ಅದರ ಬೆನ್ನಿಗೆ ಹೋದದ್ದನ್ನು ಹೇಳಲಿಲ್ಲ, ಅಷ್ಟೆ.

ವಿಚಿತ್ರ. ಹುಟ್ಟಿದ ಮೇಲೆ ಎಲ್ಲವನ್ನೂ ಹತ್ತು ಪಾಲು ಹೆಚ್ಚು ಮಾಡಿ ಹೇಳಿದವನು. ಮೂರು ಹೋಟೆಲಂತೆ. ಇದ್ದದ್ದು ಮುಂಬೈಯ ಮುಲುಂಡಿನಲ್ಲಿ, ಇನ್ನೊಬ್ಬರ ಹೋಟೆಲಿನ ಗಲ್ಲೆಯಲ್ಲಿ ದುಡ್ಡು ಎಣಿಸಿಕೊಂಡು. ಇದೊಂದನ್ನು ಮಾತ್ರ ಕಡಿಮೆ ಮಾಡಿ ಹೇಳಲು ಕಲಿತೆ.


ಡಿಸೆಂಬರ್ 9

ರಾತ್ರಿ ಊಟ ಮುಗಿದು ಸ್ವಲ್ಪ ಹೊತ್ತಿಗೆ ರಾಜೀವಿ ಕಾಲು ಮಾತ್ರೆ ಕೊಡುತ್ತಾಳೆ. ಡಾಕ್ಟರು ಫೋನಿನಲ್ಲೇ ಹೂಂ ಅಂದ ಮೇಲೆ ಅರ್ಧದಿಂದ ಕಾಲಿಗೆ ಇಳಿದದ್ದು. ಅಡಿಕೆ ಕತ್ತರಿಗೆ ಈಗ ಬೇರೆ ಕೆಲಸವಿಲ್ಲ.

"ಬಾಯಿ ತೆಗಿನಿ. ನಾಲ್ಗಿ ಎತ್ತಿ."

"ನಾನೆಂತ ಸಣ್ಣ್ ಮಗುವಾ?"

"ಸಣ್ಣ್ ಮಕ್ಳ್ ಇಷ್ಟ್ ಸುಳ್ಳ್ ಹೇಳುದಿಲ್ಲ."

ನಾಲ್ಕು ಗಂಟೆ, ಐದು ಗಂಟೆ ನಿದ್ದೆ. ತುಂಡು ತುಂಡು. ಆದರೆ ನನ್ನದೇ.

ಸುಗುಣ ಫೋನು ಮಾಡಿದ್ದಳು. ಎಸಿ ಹಾಲಿಗೆ ಹದಿನೈದರ ಒಳಗೆ ಅಡ್ವಾನ್ಸ್ ಕಟ್ಟಬೇಕಂತೆ, ಗಂಡಿನವರು ಕೇಳಿದರಂತೆ. "ನಿನ್ನ ಹತ್ರ ಇದ್ದದ್ರಂಗೇ ತೆಗ್ದ್ ಕೊಟ್ರೆ ಸಾಕ್ ಅಣ್ಣ, ಡಬಲ್ ಎಲ್ಲ ಬೇಡ. ನಿಂದ್ ನೀ ಇಟ್ಕೊ." ಫೋನು ಇಟ್ಟೆ. ಮಾತ್ರೆ ಕೇಳಲು ಅಡುಗೆಮನೆಯವರೆಗೆ ಹೋದೆ. ಹಗಲು ಹನ್ನೊಂದು ಗಂಟೆ. ಬಾಗಿಲಲ್ಲಿ ನಿಂತು ವಾಪಸ್ಸು ಬಂದೆ.

ರಾಜೀವಿ ಕೇಳಿಸಿಕೊಂಡಿದ್ದಳು. ಸಂಜೆ ಹೇಳಿದಳು. "ನಲವತ್ತ್ ಸಾವ್ರಕ್ಕೆ ಯಾರೂ ಗುಂಡಿ ಅಗೆಯುದಿಲ್ಲ. ಎಷ್ಟ್ ಅಂದ್ಹೇಳಿ ನಾ ಕೇಂತಿಲ್ಲ. ಯಾರ್ ದುಡ್ಡೋ ಅವ್ರಿಗ್ ಹೇಳಿ."


ಡಿಸೆಂಬರ್ 14, ಭಾನುವಾರ

ಬೆಳಿಗ್ಗೆ ಧೈರ್ಯಕ್ಕೆ ಕಾಲು ಮಾತ್ರೆ ಕೇಳಿದೆ. ಕೊಡಲಿಲ್ಲ. ಚೀಲ ಕೊಟ್ಟಳು. ಒಳಗೆ ಒಂದು ಕಟ್ಟು ವೀಳ್ಯದೆಲೆ, ಅಡಿಕೆ, ನಮ್ಮ ಹಳೆಯ ಕಂಚಿನ ತಟ್ಟೆ.

"ಇದೆಂತಕೆ?"

"ತಟ್ಟಿ ಹಿಡ್ಕಂಡ್ ಹೇಳಿದ್ ಮಾತಲ್ದಾ? ತಟ್ಟಿ ಹಿಡ್ಕಂಡೇ ವಾಪಾಸ್ ತಕಣಿ. ಈ ಸಲ ಎಚ್ಚರದಂಗೆ."

ಬಸ್ಸಿನಲ್ಲಿ ಹೋದೆ. ಹೆಮ್ಮಾಡಿಯಲ್ಲಿ ಇಳಿದು ಮನೆಯವರೆಗೆ ನಡೆದೆ. ಎರಡು ಸಲ ನಿಂತೆ. ಸೇವಂತಿಗೆ ಗದ್ದೆ ನೋಡುವವನ ಹಾಗೆ.

ಸುಗುಣ ಕಾಫಿ ತಂದಳು. ಅನಿಷಾ ಬಾಗಿಲ ಹತ್ತಿರ. ರಜೆಯ ದಿನ. ತಟ್ಟೆಗೆ ಎಲೆ ಜೋಡಿಸಿದೆ. ಕೈ ನಡುಗಿತು, ಎರಡು ಎಲೆ ನೆಲಕ್ಕೆ ಬಿತ್ತು. ಬೀಳಲಿ ಅಂತ ಬಿಟ್ಟೆ.

"ಇದೆಂತ ಅಣ್ಣ, ಮನಿಯೊಳ್ಗ್ ವೀಳ್ಯ?"

"ಸುಗುಣ, ಆ ದಿನ ಹಾಲಂಗೆ ಹೇಳಿದ್ ಸುಳ್ಳ್. ಡಬಲ್ ಆಯ್ಲಿಲ್ಲ. ಫೋನಂಗೆ ಒಂದ್ ಕಳ್ಳ್ ಕಂಪನಿಗ್ ಹಾಕ್ದೆ. ಹೋಯ್ತ್."

ಅವಳು ತಟ್ಟೆಯನ್ನೇ ನೋಡಿದಳು. "ಎಷ್ಟ್?"

"ನಲವತ್ತ್ ಸಾವ್ರ."

ಬಾಯಿಗೆ ಬಂದದ್ದು ಅದೇ. ಅವಳ ಮುಖ ಸಡಿಲಾಯಿತು. ನಕ್ಕಳು ಕೂಡ. "ಅಯ್ಯೋ, ಅಷ್ಟೆಯಾ. ಹೋಯ್ಲಿ ಅಣ್ಣ. ನಾ ಎಂತ ಆಯ್ತೋ ಅಂದ್ಹೇಳಿ ಹೆದ್ರಿದೆ. ಕಾಫಿ ತಣೀತ್, ಕುಡಿ." ಬಗ್ಗಿ ಬಿದ್ದ ಎರಡು ಎಲೆ ಹೆಕ್ಕಿ, ಸೆರಗಿನಲ್ಲಿ ಒರೆಸಿ, ತಟ್ಟೆಗೆ ಇಟ್ಟಳು.

ಅಲ್ಲಿಗೇ ಎದ್ದು ಬರಬಹುದಿತ್ತು. ಎಷ್ಟು ಸುಲಭ ಇತ್ತು. ಅನಿಷಾ ನನ್ನ ಮೀಸೆಯನ್ನು ನೋಡುತ್ತಿದ್ದಳು. ಮೀಸೆಯ ಮೇಲಿದ್ದ ಕೈ ಇಳಿಸಿದೆ. ತಟ್ಟೆಯ ಅಂಚು ಹಿಡಿದುಕೊಂಡೆ, ಎರಡೂ ಕೈಯಲ್ಲಿ.

"ಅದ್ ನಂದ್ ಸುಗುಣ. ನನ್ನ ಸ್ವಂತ ದುಡ್ಡಂಗೆ ಹೋದದ್ ಅಷ್ಟ್."

ಅವಳು ಕಾಫಿ ಲೋಟ ಕೆಳಗಿಟ್ಟಳು. ನಿಧಾನ. ಸದ್ದಾಗದ ಹಾಗೆ.

"ಮತ್ ನಂದೆಷ್ಟ್ ಅಣ್ಣ?"

ಹೇಳಿದೆ. ಇಲ್ಲಿಯೂ ಬರೆಯುತ್ತೇನೆ, ರಾಜೀವಿ ಓದಲಿ. ಹನ್ನೊಂದು ಲಕ್ಷದ ಎಪ್ಪತ್ತು ಸಾವಿರ. ಅವಳು ಕೊಟ್ಟದ್ದಷ್ಟೂ. ಒಂದು ರೂಪಾಯಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.